ಬತೂಲಳ ಹನ್ನೊಂದನೇ ಅಧ್ಯಾಯ

ಸೆಪ್ಟೆಂಬರ್ 9, ಮಂಗಳವಾರ, ಬೆಳಿಗ್ಗೆ

ಬಂಗುಡೆ ತೊಳೆದಿಟ್ಟೆ. ವಾಷಿಂಗ್ ಮೆಷಿನ್ ಮತ್ತೆ ನಿಂತಿದೆ. ನೌಶಾದ್‌ಗೆ ಹೇಳಿದರೆ "ನಾಳೆ ನೋಡುವಾ". ಮದುವೆಯಾಗಿ ಸೌದಿಯ ಈ ಥುಕ್ಬಾಕ್ಕೆ ಬಂದು ಇಷ್ಟು ವರ್ಷವಾಯಿತು, ನನ್ನ ಗಂಡನ ನಾಳೆ ಇನ್ನೂ ಬಂದಿಲ್ಲ.

ಬತೂಲ್ ಜಿದ್ದಾದಿಂದ ತನ್ನ ಕಾದಂಬರಿಯ ಪಿಡಿಎಫ್ ಕಳಿಸಿದ್ದಾಳೆ. ಪ್ರಿಂಟಿಗೆ ಹೋಗುವ ಮೊದಲು ನಾನು ನೋಡಬೇಕಂತೆ, ತೆಗೆಯುವುದಿದ್ದರೆ ಹೇಳಬೇಕಂತೆ. ಅವಳ ಬ್ಲಾಗಿಗೆ ನನ್ನ ಕಾಮೆಂಟು, ನನ್ನ ಬ್ಲಾಗಿಗೆ ಅವಳದು — ಹಳೆಯ ಗೆಳೆತನ. ಗಲ್ಫಿನಲ್ಲಿ ಕನ್ನಡ ಬ್ಲಾಗಿನವರು ಇರುವುದೇ ಬೆರಳೆಣಿಕೆಯಷ್ಟು. ನಾವು ಒಬ್ಬರನ್ನೊಬ್ಬರು ಹೊಗಳದಿದ್ದರೆ ಬೇರೆ ಯಾರು ಹೊಗಳಬೇಕು?

ಮೊದಲ ನಾಲ್ಕು ಅಧ್ಯಾಯ ಓದಿದೆ. ಚಂದ ಇದೆ. ಉಳಿದದ್ದನ್ನು ಮೊಬೈಲಿನಲ್ಲಿ ಓದಲು ಕಣ್ಣು ಬಿಡಲಿಲ್ಲ. ಬರೆದುಬಿಟ್ಟೆ — "ಪೂರ್ತಿ ಓದಿದೆ. ಒಂದು ಸಾಲೂ ತೆಗೆಯಬೇಡ. ಕೊನೆಯ ಪುಟದಲ್ಲಿ ಅತ್ತುಬಿಟ್ಟೆ." ನಾವೆಲ್ಲ ಬರೆಯುವುದು ಹೀಗೇ.

ಕೂಡಲೇ ಉತ್ತರ ಬಂತು. "ನಿಜವಾಗಿಯೂ? ಅಲ್ಲಾಹ್ ನಿನಗೆ ಒಳ್ಳೆಯದು ಮಾಡಲಿ ಮಿಸ್ರಿಯಾ." ಇಷ್ಟಕ್ಕೆ ಇಷ್ಟೊಂದಾ!

ಅಕ್ಟೋಬರ್ 13, ಸೋಮವಾರ

ಮಂಗಳೂರಿಂದ ಬಂದವರ ಲಗೇಜಿನಲ್ಲಿ ಪುಸ್ತಕ ಬಂತು. ಒಣಮೀನಿನ ಕಟ್ಟಿನ ಪಕ್ಕ ಕೂತು ಬಂದಿದೆ, ಪುಟ ಪುಟಕ್ಕೂ ವಾಸನೆ. ಬ್ಲಾಗಿನಲ್ಲಿ ದೊಡ್ಡದಾಗಿ ಬರೆದೆ. ಮನೆ ಮನೆಯಲ್ಲಿ ಇರಬೇಕಾದ ಕಾದಂಬರಿ, ನಿಮ್ಮ ಹೆಣ್ಣುಮಕ್ಕಳ ಕೈಗೆ ಕೊಡಿ, ನಾನೂ ನನ್ನ ಮಗಳಿಗೆ ಕೊಡುತ್ತೇನೆ... ಫ್ಯಾಮಿಲಿ ಗ್ರೂಪಿಗೂ ಹಾಕಿದೆ.

ಫರ್ಝಾನಾ ಶಾಲೆಯಿಂದ ಬಂದವಳೇ ಕೈ ಚಾಚಿದಳು. "ಉಮ್ಮ, ಪಬ್ಲಿಕ್ ಆಗಿ ಪ್ರಾಮಿಸ್ ಮಾಡಿದ್ದೀರಿ. ಕೊಡಿ ಇಲ್ಲಿ."

ಹದಿನಾರು ತುಂಬಿದೆ, ಎಲ್ಲವೂ ಇಂಗ್ಲಿಷ್. ಕನ್ನಡ ಓದು ಎಂದು ರಜೆ ರಜೆಯಲ್ಲೂ ತಲೆ ಚಚ್ಚಿಕೊಂಡವಳು ನಾನು. ಇವತ್ತು ತಾನಾಗಿ ಡೈನಿಂಗ್ ಟೇಬಲಿಗೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತದೆ. ಸುಳ್ಳು ಯಾಕೆ, ನನ್ನ ಕಣ್ಣು ತುಂಬಿ ಬಂತು.

ಅಕ್ಟೋಬರ್ 15, ಬುಧವಾರ, ಮಧ್ಯಾಹ್ನ



ಮಗಳು ಏನಾದರೂ ಕೇಳಿದರೆ ಸಿಕ್ಕಿಬೀಳಬಾರದೆಂದು, ಅವಳು ಶಾಲೆಗೆ ಹೋದ ಮೇಲೆ ಓದಲು ಕೂತೆ. ಹನ್ನೊಂದನೇ ಅಧ್ಯಾಯ... ಅದು ನಾವು. ಹೆಸರು ಬೇರೆ, ಊರು ಬೇರೆ, ಆದರೆ ನಾವೇ. ಮಕ್ಕಳಾಗದ ಅತ್ತಿಗೆ. ಮೂರು ಮಕ್ಕಳ ನಾದಿನಿ ನಾಲ್ಕನೆಯದನ್ನು ಹೆತ್ತು, ಏಳನೇ ದಿನ ಅತ್ತಿಗೆಯ ಮಡಿಲಿಗೆ ಹಾಕುತ್ತಾಳೆ. ಹಾಲು ಬತ್ತಲೆಂದು ಹೆತ್ತವಳ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಪಕ್ಕದ ಕೋಣೆಯಲ್ಲಿ ಮಗು ಅತ್ತಾಗ ಅವಳು ಕಡೆಯುವ ಕಲ್ಲಿನಲ್ಲಿ ತೆಂಗಿನಕಾಯಿ ಅರೆಯುತ್ತಾಳೆ, ಅಳು ಕೇಳದಿರಲೆಂದು.

ಆ ನಾದಿನಿ, ನೌಶಾದ್ ಅವರ ತಂಗಿ ಆಮಿನತ್. ಆ ಮಗು ನನ್ನ ಫರ್ಝಾನಾ. ಅವಳಿಗೆ ಗೊತ್ತಿಲ್ಲ. ಅವಳಿಗೆ ಬುದ್ಧಿ ಬಂದಾಗಿನಿಂದ ನಾನು ಉಮ್ಮ, ಆಮಿನತ್ ಊರಿನ ಮಾಮಿ.

ಉಮ್ರಾ ಯಾತ್ರೆಗೆ ಹೋಗಿದ್ದಾಗ ಮದೀನಾದ ಬಸ್ಸಿನಲ್ಲಿ ಬತೂಲಳಿಗೆ ಹೇಳಿದ್ದೆ. ಅವಳಿಗೊಬ್ಬಳಿಗೇ. ಹಾಳಾದವಳು! ಎಷ್ಟು ಚಂದ ಬರೆದಿದ್ದಾಳೆ, ನನಗೆ ಅದೇ ಸಿಟ್ಟು. ಇಡೀ ಅಧ್ಯಾಯ ಆ ನಾದಿನಿಯ ಬಾಯಿಂದ. ಆ ಹೆಂಗಸು ಮತ್ತೆ ಯಾವತ್ತೂ ಮಲ್ಲಿಗೆ ಮುಡಿಯುವುದಿಲ್ಲ. ಅದು ನಾನು ಹೇಳಿದ್ದಲ್ಲ, ಬತೂಲಳೇ ಕಟ್ಟಿದ್ದು. ಆದರೆ ಪ್ರತಿ ವೆಕೇಶನ್‌ಗೆ ಆಮಿನತ್‌ಗೆಂದು ಮಲ್ಲಿಗೆ ಚೆಂಡು ಹಿಡಿದುಕೊಂಡು ಹೋಗುವವಳು ನಾನು. ಅವಳು ನಗುತ್ತಾ ಅದನ್ನು ಮಕ್ಕಳ ತಲೆಗೆ ಮುಡಿಸಿಬಿಡುತ್ತಾಳೆ. ಯಾಕೆಂದು ಒಂದು ದಿನವೂ ನಾನು ಯೋಚಿಸಿಲ್ಲ.

ಫರ್ಝಾನಾ ನಿನ್ನೆ ಎರಡನೇ ಅಧ್ಯಾಯದಲ್ಲಿದ್ದಳು.

ಅದೇ ದಿನ ಸಂಜೆ, ಅಸರ್ ನಮಾಝಿನ ನಂತರ

ಬತೂಲಳಿಗೆ ಫೋನ್ ಮಾಡಿದೆ. ಜಿದ್ದಾದ ಶರಫಿಯಾದಲ್ಲಿ ಅವಳ ಮನೆ ಗಂಡನ ಅಂಗಡಿಯ ಮೇಲೆಯೇ, ಕೆಳಗಿನ ಹಾರ್ನುಗಳೆಲ್ಲ ಕೇಳುತ್ತಿದ್ದವು.

"ನಿನಗೆ ನಾಚಿಕೆ ಇಲ್ವಾ ಮಾರಾಯ್ತಿ? ನನ್ನ ಮನೆಯ ವಿಷಯ ತೆಗೆದು ಸಂತೆಯಲ್ಲಿ ಇಟ್ಟೆಯಲ್ಲ!" ಎಂದು ಕಿರುಚಿದೆ.

ಆ ಕಡೆಯಿಂದ ಅವಳ ಅಳೆದು ತೂಗಿದ ಭಟ್ಕಳದ ಕನ್ನಡ. "ಮಿಸ್ರಿಯಾ, ನಿನಗೇ ಮೊದಲು ಯಾಕೆ ಕಳಿಸಿದೆ ಅಂತ ತಿಳಿದೆ? ನೀನು ಬೇಡ ಎಂದರೆ ಆ ಅಧ್ಯಾಯ ತೆಗೆಯುತ್ತಿದ್ದೆ. ಬಾಯಿ ಬಿಟ್ಟು ಕೇಳಲು ನನಗೆ ಧೈರ್ಯವಾಗಲಿಲ್ಲ, ಓದಿದರೆ ನಿನಗೇ ಗೊತ್ತಾಗುತ್ತದೆ ಅಂದುಕೊಂಡೆ. ನೀನು ಒಂದು ಸಾಲೂ ತೆಗೆಯಬೇಡ ಎಂದೆ. ಕೊನೆಯ ಪುಟದಲ್ಲಿ ಅತ್ತುಬಿಟ್ಟೆ ಎಂದೆ. ಆ ದಿನ ಕೃತಜ್ಞತೆಗೆ ನಾನು ಎರಡು ರಕಅತ್ ಹೆಚ್ಚು ನಮಾಝ್ ಮಾಡಿದ್ದೇನೆ."

ಫೋನ್ ಇಟ್ಟೆ. ಎಂತ ಹೇಳುವುದು? ಓದಲೇ ಇಲ್ಲ ಎಂದಾ?

ಅಕ್ಟೋಬರ್ 17, ಶುಕ್ರವಾರ

ಜುಮಾ ನಮಾಝ್ ಮುಗಿಸಿ ಬಂದ ನೌಶಾದ್‌ಗೆ ಹೇಳಿದೆ. ಬಿರಿಯಾನಿಯ ತಟ್ಟೆ ದೂಡಿದರು.

"ಪುಸ್ತಕ ಕಾಣದ ಹಾಗೆ ಮಾಡು."

"ಎಲ್ಲಿ ಹೋಯ್ತು ಅಂತ ಕೇಳುವುದಿಲ್ವಾ ಅವಳು?"

"ಹಾಗಾದ್ರೆ ಆ ಪುಟ ಹರಿ. ಬೈಂಡಿಂಗ್ ಸರಿ ಇಲ್ಲ ಅಂತ ಹೇಳು. ಈಗ ಬೇಡ ಮಿಸ್ರಿಯಾ... ಪರೀಕ್ಷೆ ಮುಗೀಲಿ. ಹದಿನೆಂಟಾಗ್ಲಿ. ಮದುವೆಯಾಗ್ಲಿ."

ಬೈಯಲು ಬಾಯಿ ತೆರೆದೆ. ಇವರು ಒಂದು ತುತ್ತೂ ತಿಂದಿರಲಿಲ್ಲ. ತಟ್ಟೆ ಎತ್ತಿಟ್ಟೆ.

ಅಡುಗೆಮನೆಯ ಕತ್ತರಿ ತಂದೆ. ಪುಟ ಬಿಡಿಸಿದೆ. ಆಗಲಿಲ್ಲ. ಆಮಿನತ್ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಯಾರೋ ಒಬ್ಬಳು ಅವಳ ಪರವಾಗಿ ಮಾತಾಡಿದ್ದಾಳೆ, ಅದನ್ನೂ ನಾನು ಕತ್ತರಿಸಬೇಕಾ? ಕತ್ತರಿ ವಾಪಸ್ ಡ್ರಾವರಿಗೆ ಹೋಯಿತು.

ಅಕ್ಟೋಬರ್ 21, ಮಂಗಳವಾರ

ಎಂಟನೇ ಅಧ್ಯಾಯ. ದಿನಾ ಸಂಜೆ ಫರ್ಝಾನಾಳ ಗಟ್ಟಿ ಓದು ನಡೆದಿದೆ. ಗೊತ್ತಿಲ್ಲದ ಪದ ಕೇಳುತ್ತಾಳೆ. ಬಟ್ಟೆ ಮಡಚುತ್ತಾ ಹೇಳುತ್ತೇನೆ.

"ಉಮ್ಮ, ಬಸುರಿ ಅಂದ್ರೆ ಎಂತ?"

"ಪ್ರೆಗ್ನೆಂಟ್."

"ಆ ನಾದಿನಿಯಾ? ಅವಳಿಗೆ ಆಲ್ರೆಡಿ ಮೂರು ಮಕ್ಕಳಲ್ವಾ?"

"ನಿನಗೆ ಹೋಮ್‌ವರ್ಕ್ ಇಲ್ವಾ? ಹೊತ್ತುಗೊತ್ತು ಇಲ್ಲದೆ ಕತೆ ಪುಸ್ತಕ!"

ನನ್ನ ಮುಖವನ್ನೇ ನೋಡಿದಳು. ಪುಸ್ತಕ ಮುಚ್ಚಿ ಎದ್ದು ಹೋದಳು. ಓದುವುದಿಲ್ಲ ಎಂದು ಇಷ್ಟು ವರ್ಷ ಬೈದೆ, ಇವತ್ತು ಓದಿದ್ದಕ್ಕೆ ಬೈದೆ.

ನಾಳೆ ಹೇಳುತ್ತೇನೆ. ಛೆ, ನಾನೂ ನಾಳೆ ಎನ್ನಲು ಕಲಿತೆ.

ಅಕ್ಟೋಬರ್ 24, ಶುಕ್ರವಾರ, ಬೆಳಿಗ್ಗೆ

ಇವತ್ತು ಹೇಳಲೇಬೇಕು. ಸಂಜೆ ಓದಲು ಕೂತರೆ ಹನ್ನೊಂದನೆಯದೇ. ಪುಸ್ತಕದಿಂದ ಗೊತ್ತಾದರೆ ನಾನು ಸುಳ್ಳುಗಾತಿ, ಅಷ್ಟೆ. ನಾನೇ ಹೇಳಿದರೆ... ಹೇಳಿದ ಮೇಲೂ, ಹೆತ್ತವಳ ಹತ್ತಿರ ಹೋಗುತ್ತೇನೆ ಎಂದರೆ? ತಡೆಯಲು ನಾನು ಯಾರು?

ಸಂಜೆ

ಬಾಗಿಲು ಹಾಕಿ ಅವಳ ಮಂಚದ ಮೇಲೆ ಕೂತೆ. "ಫರ್ಝು, ಆ ಪುಸ್ತಕದಲ್ಲಿ ಮುಂದೆ..." ಅಷ್ಟೇ ಬಂತು.

"ಗೊತ್ತು ಉಮ್ಮ."

ಪುಟದ ಮೇಲೆ ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಬರುತ್ತದಂತೆ. ಮೊದಲ ವಾರವೇ ಮುಗಿಸಿದ್ದಾಳೆ. ಬತೂಲಳಿಗೆ ನಾನು ಬೈದದ್ದು ಪಕ್ಕದ ಕೋಣೆಗೆ ಕೇಳಿದೆ. ನನ್ನ ಮನೆಯ ವಿಷಯ ಎಂದು ಕಿರುಚಿದೆನಲ್ಲ.

"ಮತ್ತೆ ದಿನಾ ಬೆರಳಿಟ್ಟು ಓದಿದ್ದು?"

"ನೀವೇ ಹೇಳ್ತೀರಿ ಅಂತ ಕಾದೆ. ಇನ್ನೆಷ್ಟು ಸ್ಲೋ ಓದುದು ಉಮ್ಮ ನಾನು?" ಎಂದವಳು ಅತ್ತುಬಿಟ್ಟಳು. ನಾನೂ ಅತ್ತೆ, ಸೆರಗಿನಲ್ಲಿ ಅವಳ ಮೂಗು ಒರೆಸಿದೆ, ಚಿಕ್ಕ ಮಗುವಿಗೆ ಮಾಡುವ ಹಾಗೆ.

ಸುಧಾರಿಸಿಕೊಂಡು ಹೇಳಿದಳು, "ಆ ಚಾಪ್ಟರ್ ನೀವು ಓದಿ. ಫೋನಿನ ಇಂಗ್ಲಿಷಲ್ಲಿ ಆ ಹೆಂಗಸು ಅಳುದೇ ಇಲ್ಲ." ಆಮೇಲೆ ನನ್ನನ್ನು ಕೇಳದೆಯೇ ಆಮಿನತ್‌ಗೆ ಕಾಲ್ ಮಾಡಿದಳು. "ಮಾಮಿಯೂ ಕೇಳ್ಲಿ."

ಆಮಿನತ್ ಆಗಲೇ ಓದಿದ್ದಾಳೆ, ಗ್ರೂಪಿನಲ್ಲಿ ನನ್ನ ಶಿಫಾರಸು ನೋಡಿ ತರಿಸಿಕೊಂಡು. "ನೀವೇ ಹೇಳಿ ಬರೆಸಿದ್ದು ಅಂತ ತಿಳಿದೆ ಅತ್ತಿಗೆ," ಎಂದಳು. ಧ್ವನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಓದಿದೆ. ಮಲ್ಲಿಗೆಯ ಸಾಲಿಗೆ ಬಂದು ನಿಲ್ಲಿಸಿದೆ. ಆ ಕಡೆಯಿಂದ, "ಓದಿ ಅತ್ತಿಗೆ. ನಿಲ್ಲಿಸಬೇಡಿ." ಕೊನೆಯವರೆಗೂ ಓದಿದೆ. ನೌಶಾದ್ ಬಾಗಿಲ ಹೊರಗೆ ನಿಂತಿದ್ದರು, ಒಳಗೆ ಬರಲಿಲ್ಲ.

ಅವರಿಬ್ಬರೇ ಮಾತಾಡಲಿ ಎಂದು ಅಡುಗೆಮನೆಗೆ ಬಂದೆ. ಚಾಕ್ಕೆ ನೀರಿಟ್ಟು ಇದನ್ನು ಬರೆಯುತ್ತಿದ್ದೇನೆ. ಕೋಣೆಯಿಂದ ಮೆಲ್ಲಗೆ ಮಾತು. ಏನೆಂದು ತಿಳಿಯುವುದಿಲ್ಲ. ಕಿವಿ ಕೊಡಬಾರದು, ಆದರೂ ಕೊಡುತ್ತಿದ್ದೇನೆ.

ಈಗ "ಉಮ್ಮಾ" ಎಂದಳು. ಫೋನಿನಲ್ಲಿರುವವಳನ್ನೋ, ನನ್ನನ್ನೋ. ಗೊತ್ತಿಲ್ಲ. ನಾನಂತೂ ಎದ್ದು ಹೋಗುತ್ತಿದ್ದೇ—