ಎರಕದ ಬಿಲ್ಲೆ

ರಾಜಾಜಿನಗರ ನಾಲ್ಕನೇ ಬ್ಲಾಕ್,
ಬೆಂಗಳೂರು.
೧ ಸೆಪ್ಟೆಂಬರ್ ೧೯೭೪, ಭಾನುವಾರ

ಪ್ರೀತಿಯ ಮಗಳು ರಾಜೇಶ್ವರಿಗೆ ನಿನ್ನ ಮಾವ ಗುರುಬಸಪ್ಪನ ಆಶೀರ್ವಾದಗಳು.

ನಿನ್ನ ತಾಯಿಯವರ ಬಲಗೈ ಈಗ ಹೇಗಿದೆ? ಲೋಟ ಹಿಡಿಯುವಷ್ಟಾಗಿದೆ ಎಂದು ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆ. ಎಣ್ಣೆ ತಿಕ್ಕುವುದನ್ನು ನಿಲ್ಲಿಸಬೇಡ, ಆದರೆ ಅವರನ್ನು ಎತ್ತಿ ಕೂರಿಸುವ ಕೆಲಸ ನೀನೊಬ್ಬಳೇ ಮಾಡಬೇಡ, ಅಣ್ಣನನ್ನು ಕರೆ. ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ರಾತ್ರಿ ಊಟ ಬಿಡುತ್ತೀಯ ಎಂದು ನಿಮ್ಮ ಹೊಸದುರ್ಗದಿಂದ ಬಂದವರು ಹೇಳಿದರು. ಹಾಗೆ ಮಾಡಬಾರದು ಕಣಮ್ಮಾ. ಇಲ್ಲಿ ನಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ ಬರುತ್ತದೆ, ಅದೂ ನೂಲಿನ ಹಾಗೆ. ನನ್ನ ಕಣ್ಣು ಮೊದಲಿನಂತಿಲ್ಲ. ಕಾರ್ಖಾನೆಯಲ್ಲಿ ಸಣ್ಣ ಅಕ್ಷರದ ಅಚ್ಚುಗಳನ್ನು ಈಗ ಬೇರೆಯವರಿಗೆ ಕೊಡುತ್ತಿದ್ದಾರೆ. ನಿಮ್ಮತ್ತೆಯ ವಿಷಯ ಮುಂದೆ ಬರೆಯುತ್ತೇನೆ.

ಈ ಕಾಗದವನ್ನು ನೀನೊಬ್ಬಳೇ ಕೂತು ಓದು. ಇದು ಎದುರಿಗೆ ಬಂದು ಹೇಳಬೇಕಾದ ಮಾತು. ಮೊನ್ನೆ ಗುರುವಾರ ರಜ ಹಾಕಿ ಬಸ್ ಸ್ಟ್ಯಾಂಡಿನ ತನಕ ಹೋದೆ, ಟಿಕೆಟೂ ತೆಗೆದೆ. ಬಸ್ಸು ಹೊರಟಿತು, ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ನಿನ್ನ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಪುರುಷೋತ್ತಮ ನಮ್ಮ ಮನೆಗೆ ಬಂದಾಗ ನೀನು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದೆ. ಮಲ್ಲತ್ತಹಳ್ಳಿಯವನು, ನಮ್ಮ ಸೋಮುವಿನ ಪಲ್ಟನ್ನಿನವನು, ಎಡಗೈಯಲ್ಲಿ ಎರಡು ಬೆರಳಿಲ್ಲ. ಎಪ್ಪತ್ತೊಂದರ ಯುದ್ಧ ಮುಗಿದ ಹೊತ್ತಿಗೆ ‘ಕಾಣೆಯಾಗಿದ್ದಾರೆ’ ಎಂಬ ತಂತಿ ಬಂದ ಮೇಲೆ, ಮಾರನೇ ವರ್ಷ ಪಾಕಿಸ್ತಾನದಿಂದ ವಾಪಸ್ಸು ಬಂದ ಕೈದಿಗಳ ಪಟ್ಟಿಯಲ್ಲೂ ಸೋಮುವಿನ ಹೆಸರಿಲ್ಲ ಎಂದು ಗೊತ್ತಾದ ಮೇಲೆ, ಅವನ ಜೊತೆಯಲ್ಲಿದ್ದ ಒಬ್ಬ ಮನುಷ್ಯ ನಮ್ಮ ಹೊಸಿಲು ದಾಟಿದ್ದು ಅದೇ ಮೊದಲು. ಅವನು ಕುರ್ಚಿಯಲ್ಲಿ ಕೂರುವ ಮುಂಚೆಯೇ ನಿಮ್ಮತ್ತೆ ಕೇಳಿಬಿಟ್ಟಳು: “ನನ್ನ ಮಗ ಬದುಕಿದಾನಾ?” ಅವನು ತಲೆ ತಗ್ಗಿಸಿಕೊಂಡು “ಹೂಂ ಅಮ್ಮಾ” ಅಂದ. ಕೈದಿಗಳ ಕ್ಯಾಂಪಿನಲ್ಲಿ ಒಟ್ಟಿಗಿದ್ದೆವು, ಆಮೇಲೆ ಸೋಮುವನ್ನು ಬೇರೆ ಕಡೆ ಸಾಗಿಸಿದರು, ಹೋಗುವಾಗ ಟೋಪಿಯ ಬಿಲ್ಲೆ ಬಿಚ್ಚಿ ಮನೆಗೆ ಮುಟ್ಟಿಸು ಅಂದ ಎಂದು ಹೇಳಿದ. ಕರ್ಚೀಫಿನಿಂದ ಬಿಲ್ಲೆ ತೆಗೆದು ನನ್ನ ಕೈಗಿಟ್ಟ. ನಾನು ಅದನ್ನು ನಿಮ್ಮತ್ತೆಯ ಕೈಗೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ವಿಭೂತಿಯ ಪಕ್ಕದಲ್ಲಿಟ್ಟಳು. ಎರಡು ವರ್ಷದಿಂದ ಗಂಜಿಯ ಮೇಲಿದ್ದವಳು ಅವತ್ತು ರೊಟ್ಟಿ ಬಡಿದು ತಾನೂ ತಿಂದಳು, ನಿನಗೂ ತಿನ್ನಿಸಿದಳು.

ಅದಕ್ಕೆ ಒಂದು ತಿಂಗಳ ಹಿಂದೆ ನಿನ್ನ ಅಣ್ಣ ಹಿರಿಯೂರಿನ ಮೇಷ್ಟ್ರ ಸಂಬಂಧ ತಂದಿದ್ದ. ಹೆಂಡತಿ ತೀರಿಕೊಂಡವರು, ಮಕ್ಕಳಿಲ್ಲ, ಒಳ್ಳೆಯವರು ಎಂದು ನಾಲ್ಕು ಜನ ಹೇಳಿದ್ದರು. ನಮ್ಮಲ್ಲಿ ಉಡಿಕೆಯ ಮರುಮದುವೆ ಹೊಸದಲ್ಲ, ನನ್ನ ಸೋದರತ್ತೆಗೇ ಎರಡನೇ ಸಲ ಸೀರೆ ಉಡಿಸಿ ಕಳಿಸಿದ್ದೆವು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಗಂಡನ ಜೊತೆ ಎರಡು ರಜೆಯಲ್ಲಿ ಸೇರಿ ನಲವತ್ತು ದಿನ ಇದ್ದವಳು, ನಮ್ಮಿಬ್ಬರಿಗೆ ನೀರು ಹೊತ್ತುಕೊಂಡು ಮುದುಕಿಯಾಗಬಾರದು ಎಂದು ನಾನೇ ನಿಮ್ಮತ್ತೆಯನ್ನು ಒಪ್ಪಿಸಿದ್ದೆ. ಬಿಲ್ಲೆ ಬಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಯುಗಾದಿಯ ಹೊತ್ತಿಗೆ ತಾಯಿಗೆ ಕಾಯಿಲೆ ಎಂದು ನೀನು ಊರಿಗೆ ಹೋದೆ, ಹಣೆಯ ಕುಂಕುಮ ಮೊದಲಿಗಿಂತ ಅಗಲವಾಗಿತ್ತು.

ಶ್ರಾವಣದ ಕಡೆಯ ಸೋಮವಾರ ನಿಮ್ಮತ್ತೆ ದೇವರ ಸಾಮಾನು ತೊಳೆಯುತ್ತಾ, ಇದಕ್ಕೂ ಹುಣಸೆಹಣ್ಣು ಹಾಕಿ ಉಜ್ಜಿಕೊಡಿ ಎಂದು ಬಿಲ್ಲೆಯನ್ನು ನನಗೆ ಕೊಟ್ಟಳು. ಬಚ್ಚಲ ಕಟ್ಟೆಯ ಬೆಳಕಿನಲ್ಲಿ ಹಿಡಿದು ನೋಡಿದೆ. ಮಗಳೇ, ನಾನು ಇಪ್ಪತ್ತೊಂಬತ್ತು ವರ್ಷದಿಂದ ಅಚ್ಚು ಕೆತ್ತುವವನು. ದೊಡ್ಡ ಯುದ್ಧದ ಕಾಲದಲ್ಲಿ ದಂಡಿನ ಟೋಪಿಗೆ ಬಿಲ್ಲೆ ಒತ್ತುವ ಕಾರ್ಖಾನೆಯಲ್ಲೇ ಕೈ ಪಳಗಿಸಿಕೊಂಡವನು. ನಿಜವಾದ ಬಿಲ್ಲೆಯನ್ನು ಹಿತ್ತಾಳೆ ತಗಡಿನಿಂದ ಒತ್ತುತ್ತಾರೆ. ಮೇಲಿನ ಅಚ್ಚು ಬಿದ್ದಾಗ ಮುಂದೆ ಉಬ್ಬಿದ ಸಿಂಹ ಹಿಂದೆ ಗುಳಿಯಾಗಿ ಕಾಣಬೇಕು. ಅಂಚು ಕತ್ತರಿಸಿದ ಹಾಗೆ ಚೂಪಾಗಿರಬೇಕು. ಇದರ ಬೆನ್ನು ಮಟ್ಟಸವಾಗಿತ್ತು, ಅದರ ತುಂಬ ಸೂಜಿಮೊನೆಯಷ್ಟು ತೂತುಗಳು, ಮರಳಿನಲ್ಲಿ ಎರಕ ಹೊಯ್ದಾಗ ಬೀಳುವಂಥವು. ಅಂಚಿನಲ್ಲಿ ಅರ ಹಾಕಿದ ಗೀರುಗಳಿದ್ದವು. ಅಕ್ಷರಗಳ ಮೂಲೆಗಳು ಸಾಬೂನು ಸವೆದ ಹಾಗೆ ದುಂಡಾಗಿದ್ದವು. ಹಿಂದಿನ ಎರಡು ಕೊಂಡಿಗಳನ್ನು ಸೀಸದಲ್ಲಿ ಬೆಸೆದಿದ್ದರು, ದಂಡಿನ ಬಿಲ್ಲೆಗೆ ಹಾಗೆ ಬೆಸೆದರೆ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರು ಎಸೆದುಬಿಡುತ್ತಾನೆ. ಎರಕದ ಲೋಹ ಆರುವಾಗ ಕುಗ್ಗುವುದರಿಂದ ನಕಲು ಯಾವಾಗಲೂ ಮೂಲಕ್ಕಿಂತ ಒಂದು ಕೂದಲಷ್ಟು ಚಿಕ್ಕದಾಗಿರುತ್ತದೆ. ಇನ್ನೊಂದು ಗುರುತಿದೆ, ಅದು ನಿನಗೂ ಗೊತ್ತು. ಸೋಮು ರಜೆಗೆ ಬಂದಾಗ ಜಗಲಿಯ ಮೇಲೆ ಕೂತು ಬಿಲ್ಲೆಗೆ ಬ್ರಾಸ್ಸೋ ಪಾಲಿಶ್ ಹಾಕಿ ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಹಾಗೆ ದಿನಾ ಉಜ್ಜಿದ ಬಿಲ್ಲೆಯಲ್ಲಿ ಉಬ್ಬಿದ ಭಾಗ, ಸಿಂಹದ ಮೂಗು, ಸವೆದು ನುಣ್ಣಗಾಗುತ್ತದೆ, ಸಂದಿಯಲ್ಲಿ ಪಾಲಿಶಿನ ಬಿಳಿ ಪುಡಿ ಕೂತಿರುತ್ತದೆ. ಇದರಲ್ಲಿ ಉಬ್ಬೂ ತಗ್ಗೂ ಒಂದೇ ಸಮನೆ ಮಸುಕು, ಹಳೆಯದಾಗಿ ಕಾಣಲೆಂದು ಗಂಧಕದಲ್ಲಿ ಕಪ್ಪು ಮಾಡಿದ್ದು.

ಅಂಥ ಎರಕ ಈ ಕಡೆ ಯಾರು ಹೊಯ್ಯುತ್ತಾರೆ ಎಂದು ನನಗೆ ಗೊತ್ತಿತ್ತು. ನಮ್ಮ ಕಾರ್ಖಾನೆ ಬಿಟ್ಟ ಬೆಟ್ಟಯ್ಯ ಗೋವಿಂದರಾಜನಗರದಲ್ಲಿ ಒಂದು ಶೀಟಿನ ಶೆಡ್ಡಿನಲ್ಲಿ ದೀಪ, ಬಾಗಿಲ ಹಿಡಿ ಹೊಯ್ದುಕೊಂಡಿದ್ದಾನೆ. ಅವನ ಮುಂದೆ ಬಿಲ್ಲೆ ಇಟ್ಟೆ. “ನಂದೇ ಮಾಲು ಗುರುಬಸಪ್ನೋರೇ,” ಎಂದು ನಕ್ಕ. “ಹಳೇ ಬಿಲ್ಲೆ ಅಂತ ಫಾರಿನ್‌ನೋರು ತಗೋತಾರೆ, ಅಂಗಡಿಯೋರು ಹೇಳಿ ಮಾಡಿಸ್ತಾರೆ. ಇದು ಮಾತ್ರ ಒಬ್ಬ ಸೋಲ್ಜರ್ ಬಂದು ಕೇಳ್ದ. ಎರಡು ಬೆರಳಿಲ್ಲ ಪಾಪ. ಹಾಕ್ಕೊಂಡು ಸವೆದಿರೋ ಹಂಗೆ ಕಾಣ್ಬೇಕು ಅಣ್ಣ, ಅಂದ.” ಇದು ಯಾರ ಮನೆಗೆ ಬಂದಿದೆ ಎಂದು ಹೇಳಿದೆ. ಅವನ ನಗು ನಿಂತಿತು. ಒಳಗೆ ಅಂಥವೇ ಬಿಲ್ಲೆಗಳಿಗೆಂದು ಕಟ್ಟಿಟ್ಟಿದ್ದ ಮರಳಿನ ಅಚ್ಚನ್ನು ತಂದು ನನ್ನ ಎದುರಿಗೇ ಕಾಲಿನಿಂದ ಒಡೆದ. ಅದರಿಂದ ನನಗೇನೂ ಆಗಲಿಲ್ಲ.

ಮಲ್ಲತ್ತಹಳ್ಳಿಗೆ ಹೋಗುವಾಗ ಅವನನ್ನು ಹೊಡೆಯಬೇಕೆಂದೇ ಹೋದೆ. ಸತ್ತವರ ಮನೆಯನ್ನು ಹುಡುಕಿಕೊಂಡು ಹೋಗಿ ಮೋಸ ಮಾಡುವವನು ಅಂದುಕೊಂಡಿದ್ದೆ. ಕೆರೆಯ ಏರಿಯ ಕೆಳಗೆ ಅಣ್ಣನ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ. ನಾನು ಬಿಲ್ಲೆ ತೋರಿಸಿದ್ದೇ ತಡ, ಎದ್ದು ನಿಲ್ಲಲೂ ಇಲ್ಲ, ಸಾಲಿನಲ್ಲೇ ಕೂತುಬಿಟ್ಟ. “ನಿಮ್ಗೆ ಗೊತ್ತಾಗುತ್ತೆ ಅಂತ ನಂಗೆ ಗೊತ್ತಿತ್ತು ಯಜಮಾನ್ರೇ,” ಅಂದ. “ಅಪ್ಪ ಬಿಲ್ಲೆ ಅಚ್ಚು ಕೆತ್ತುತಾರೆ ಅಂತ ಸೋಮಲಿಂಗ ಪಲ್ಟನ್ನಿಗೆಲ್ಲಾ ಹೇಳ್ತಿದ್ದ. ನಿಮ್ಮನೆ ಒಳಗೆ ಬಂದ್ಮೇಲೆ ಅದು ಜ್ಞಾಪಕಕ್ಕೆ ಬಂತು. ಬರೀ ಕೈಲಿ ಬಂದು ಹೆಂಗ್ ಹೇಳ್ಲಿ, ತಾಯಿ ಕೈಗೆ ಇಡಕ್ಕೆ ಏನಾದ್ರೂ ಬೇಕಲ್ಲ, ಅಂತ ಮಾಡಿಸ್ದೆ. ಸತ್ತೋದ ಅಂತ ಹೇಳಕ್ಕೇ ಬಂದಿದ್ದು ಯಜಮಾನ್ರೇ. ಅಮ್ಮ ಬದುಕಿದಾನಾ ಅಂದ್ಬುಟ್ರು. ಬಾಯಿಗೆ ಹೂಂ ಬಂತು. ಆಮೇಲೆ ಮಾತೆಲ್ಲಾ ಅದರ ಹಿಂದೆ ಬಂತು.”

ನಮ್ಮ ಸೋಮು ಇಲ್ಲ, ಮಗಳೇ. ಡಿಸೆಂಬರ್ ಹದಿನಾಲ್ಕನೇ ತಾರೀಕು ಬೆಳಿಗ್ಗೆಯೇ ಇಲ್ಲವಾದ. ಪಶ್ಚಿಮದ ಗಡಿಯಲ್ಲಿ ಒಂದು ಕಾಲುವೆ ದಾಟುತ್ತಿದ್ದರು, ಮಂಜು ಕವಿದಿತ್ತು. ಸೋಮು ಮುಂದೆ, ಪುರುಷೋತ್ತಮ ಹಿಂದೆ. ಗುಂಡು ಇವನ ಕೈಗೆ ಬಿತ್ತು, ಸೋಮುವಿನ ಎದೆಗೆ ಬಿತ್ತು. ಇವನು ಒಳ್ಳೆಯ ಕೈಯಿಂದ ಅವನ ಕೋಟಿನ ಕಾಲರು ಹಿಡಿದುಕೊಂಡಿದ್ದ, ಕೈ ಮರಗಟ್ಟಿ ಬಿಟ್ಟುಹೋಯಿತು, ನೀರು ಎಳೆದುಕೊಂಡಿತು. ಇವನು ಕೈದಿಯಾಗಿರಲೇ ಇಲ್ಲ, ನಾಲ್ಕು ತಿಂಗಳು ನಮ್ಮವರ ಆಸ್ಪತ್ರೆಯಲ್ಲಿದ್ದ. ಕಂಡದ್ದನ್ನು ಪಲ್ಟನ್ನಿಗೆ ಬರೆದುಕೊಟ್ಟಿದ್ದಾನೆ, ಹೆಣ ಸಿಗದ ಕಾರಣ ಕಾಗದದಲ್ಲಿ ‘ಕಾಣೆ’ ಎಂದೇ ಉಳಿಯಿತು. ಹೊಡೆಯಲು ಹೋದ ನಾನು ಅವನ ಪಕ್ಕದಲ್ಲೇ ಸಾಲಿನಲ್ಲಿ ಕೂತೆ. ಅವನ ಅತ್ತಿಗೆ ಮಜ್ಜಿಗೆ ತಂದಿಟ್ಟರು, ಅದರಲ್ಲಿ ಇರುವೆ ಬಿತ್ತು.

“ನಮ್ಮನೆಯವಳಿಗೆ ನೀನೇ ಬಂದು ಹೇಳು,” ಅಂದೆ. ಆಗಲ್ಲ ಅಂತ ಅತ್ತ, ಆದರೂ ಬಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ನಿಮ್ಮತ್ತೆ ಅವನನ್ನು ನೋಡಿ ಮುಖ ಅರಳಿಸಿಕೊಂಡು ಬಂದಳು, ಹೊಸ ಸುದ್ದಿ ತಂದಿದ್ದಾನೆ ಎಂದುಕೊಂಡು. ಅವನು ಅವಳ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಅವಳು ಕೂಗಿಕೊಳ್ಳುತ್ತಾಳೆ, ಬೀಳುತ್ತಾಳೆ ಎಂದು ನಾನು ಹಿಂದೆ ನಿಂತಿದ್ದೆ. ಅವಳು ಗೋಡೆ ಹಿಡಿದುಕೊಂಡು ಒಂದೇ ಮಾತು ಕೇಳಿದಳು: “ನೀರು ತುಂಬ ತಣ್ಣಗಿತ್ತೇನಪ್ಪಾ?” ಅವನು “ಹೂಂ ಅಮ್ಮಾ” ಅಂದ. ಆಮೇಲೆ ಒಳಗೆ ಹೋಗಿ ಅವನಿಗೆ ತಟ್ಟೆ ಹಾಕಿದಳು. ಬೇಡ ಅಂದರೂ ಬಿಡಲಿಲ್ಲ, “ನೀನು ಅವನನ್ನ ಹಿಡ್ಕೊಂಡಿದ್ಯಲ್ಲ, ಉಣ್ಣು” ಅಂದಳು. ಅವನು ಹೋದ ಮೇಲೆ ದೇವರ ಗೂಡಿನ ಬಾಗಿಲು ಹಾಕಿದಳು, ಇವತ್ತಿಗೆ ಹದಿಮೂರು ದಿನ, ತೆಗೆದಿಲ್ಲ. ಎರಡು ಹೊತ್ತು ಗಂಜಿ ಕುಡಿಯುತ್ತಾಳೆ. ಪಕ್ಕದ ಮನೆಯ ಅಂಬುಜಾ ಬಂದು ತಲೆ ಬಾಚಿ ಹೋಗುತ್ತಾಳೆ. ನನ್ನೊಡನೆ ಅವಳು ಆಡಿರುವ ಮಾತು ಒಂದೇ, “ರಾಜಿಗೆ ಯಾರು ಹೇಳ್ತಾರೆ?” ಎಂದು.

ಯಾವಾಗಲೂ ಚಿ. ಸೌ. ಎಂದು ಬರೆಯುತ್ತಿದ್ದವನಿಗೆ ಇವತ್ತು ಆ ಎರಡಕ್ಷರ ಬರೆಯಲು ಕೈ ಬರಲಿಲ್ಲ. ಅದನ್ನು ಕಂಡಾಗಲೇ ನಿನಗೆ ಅರ್ಥವಾಯಿತೋ ಏನೋ. ಕುಂಕುಮ, ಬಳೆಯ ವಿಷಯದಲ್ಲಿ ಯಾರು ಏನೇ ಹೇಳಲಿ, ನಿನಗೆ ತೋಚಿದಂತೆ ಮಾಡು. ಮಾವ ಹೀಗೆ ಬರೆದಿದ್ದಾರೆ ಎಂದು ಈ ಕಾಗದ ತೋರಿಸು. ಸೋಮುವಿನ ಹೆಸರಿನಲ್ಲಿ ಮಾಡಬೇಕಾದ ಕಾರ್ಯವನ್ನು ನೀನು ಬಂದ ಮೇಲೆ ಮಾಡೋಣ, ಬರಲು ಮನಸ್ಸಾಗದಿದ್ದರೆ ನಾವಿಬ್ಬರೇ ಮಾಡುತ್ತೇವೆ. ಪುರುಷೋತ್ತಮನ ಮೇಲೆ ಕೋಪ ಇಟ್ಟುಕೊಳ್ಳಬೇಡ. ನಿನ್ನ ತಾಯಿಯವರಿಗೆ ನನ್ನ ಶರಣು ತಿಳಿಸು. ಈ ಸುದ್ದಿ ಅವರಿಗೆ ಈಗಲೇ ಬೇಡ. ನೀನು ಅಳುವುದಾದರೆ ಅತ್ತುಬಿಡು, ಆಮೇಲೆ ಏನಾದರೂ ತಿನ್ನು.

ನಿನ್ನ ಮಾವ,
ಗುರುಬಸಪ್ಪ

ವಿ. ಸೂ.: ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ, ಕಾರ್ಖಾನೆಯ ಮೊದಲ ಸೈರನ್ ಆಯಿತು. ಶ್ರಾವಣದಲ್ಲಿ ಬಿಲ್ಲೆ ಉಜ್ಜುವಾಗ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಪುರುಷೋತ್ತಮ ನನ್ನ ಕೈಗಿಟ್ಟಾಗಲೇ, ಹೆಬ್ಬೆರಳು ಅದರ ಬೆನ್ನಿಗೆ ತಾಗಿದ ಕೂಡಲೇ ಎರಕ ಎಂದು ತಿಳಿಯಿತು. ತಿಳಿದೇ ನಿಮ್ಮತ್ತೆಯ ಕೈಗೆ ದಾಟಿಸಿದೆ. ಅವಳು ರೊಟ್ಟಿ ತಿಂದದ್ದನ್ನು ನೋಡಿ ನಾಳೆ ಹೇಳೋಣ ಅಂದುಕೊಂಡೆ. ಬಿಲ್ಲೆ ನಕಲಾದರೂ ಮಾತು ನಿಜವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಚೈತ್ರದಲ್ಲಿ ನೀನು ಬರೆದೆಯಲ್ಲ, ಹಿರಿಯೂರಿನವರು ಕಡೆಯ ಸಲ ಕೇಳಿ ಕಳಿಸಿದ್ದಾರೆ, ಮಾವ ನೀವು ಹೇಳಿದ ಹಾಗೆ, ಎಂದು. ಕಾಯಮ್ಮಾ, ಬಂದೇ ಬರುತ್ತಾನೆ, ಎಂದು ನಾನು ಕಾರ್ಡು ಹಾಕಿದೆ. ಆ ಕಾರ್ಡು ಬರೆಯುವಾಗ ನನಗೆ ಗೊತ್ತಿತ್ತು ರಾಜಿ. ಜೂನಿನಲ್ಲಿ ಮೇಷ್ಟ್ರಿಗೆ ಬೇರೆ ಕಡೆ ಮದುವೆಯಾಯಿತು ಎಂದು ನಿನ್ನ ಅಣ್ಣ ಬರೆದ ಮೇಲೆ ನನಗೆ ಅನ್ನ ಇಳಿಯದಾಯಿತು, ಬೆಟ್ಟಯ್ಯನ ಹತ್ತಿರ ಹೋಗಿದ್ದು ಅದಕ್ಕೇ. ನಿಮ್ಮತ್ತೆಗೆ ಇದು ಗೊತ್ತಿಲ್ಲ, ನೀನು ಹೇಳುವುದಾದರೆ ತಡೆಯುವುದಿಲ್ಲ. ಈ ಕಾಗದಕ್ಕೆ ನೀನು ಉತ್ತರ ಬರೆಯದೆ ಹೋದರೂ ಯಾಕೆಂದು ನಾನು ಕೇಳುವುದಿಲ್ಲ.