ಮಾತ್ರೆ ಅರೆದು ಮುಖಕ್ಕೆ ಹಚ್ಚಿದ ಅಕ್ಕನಿಗೆ

ಅಕ್ಕಾ,

ಎದ್ದ ಕೂಡಲೇ ಮುಖಕ್ಕೆ ತಣ್ಣೀರು ಎರಚಿಕೋ. ಸೋಪು ಮುಟ್ಟಬೇಡ. ಕನ್ನಡಿ ಮುಂದೆ ಮುಲಾಮು ಇಟ್ಟಿದ್ದೀನಿ, ತೆಳ್ಳಗೆ ಸವರು. ಇವತ್ತು ಕೆಲಸಕ್ಕೆ ಹೋಗಬೇಡ, ಬಿಸಿಲು ತಾಗಿದರೆ ಇನ್ನೂ ಉರಿಯುತ್ತೆ.

ವಿಟಮಿನ್ ಸಿ ಮಾತ್ರೆ ನಾನು ತಂದಿದ್ದು ನುಂಗೋಕೆ. ಅದು ಆಂಟಿಆಕ್ಸಿಡೆಂಟ್, ಚರ್ಮಕ್ಕೆ ವಯಸ್ಸಾಗೋದನ್ನು ತಡೆಯುತ್ತೆ ಅಂತ ಯಾವುದೋ ವಿಡಿಯೋ ಹೇಳಿತಂತೆ, ನೀನು ಅದನ್ನು ಅರೆದು, ನಿಂಬೆರಸ ಹಿಂಡಿ, ಮುಖಕ್ಕೆ ಮೆತ್ತಿಕೊಂಡು ಒಂದು ಗಂಟೆ ಕೂತೆಯಂತೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋ ತಂಗಿ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ, ಒಂದು ಮಾತು ಕೇಳೋಕೆ ಏನು ಧಾಡಿ ನಿನಗೆ? ಮುಖಕ್ಕೆ ಹಚ್ಚೋಕೆ ಅಂತಲೇ ಮಾರೋ ಸೀರಮ್ಮಿಗೆ ವಿಟಮಿನ್ ಸಿ ಅಳೆದು ಹಾಕಿರ್ತಾರೆ. ಅದರಿಂದಲೂ ಸುಕ್ಕು ಸ್ವಲ್ಪ ಕಮ್ಮಿ ಕಾಣಬಹುದು ಅಷ್ಟೇ, ಹೋದ ವಯಸ್ಸು ವಾಪಸ್ ಬರಲ್ಲ.

ಮುಂಬಾಗಿಲ ಕೌಂಟರಿಗೆ ಎಳೇ ಮುಖ ಬೇಕು ಅಂತ ನಿಮ್ಮ ಹೋಟೆಲ್ ಮ್ಯಾನೇಜರ್ ನಿನ್ನನ್ನು ಒಳಗಿನ ಕೆಲಸಕ್ಕೆ ಹಾಕಿದ್ದು ಗೊತ್ತಾಯ್ತು. ಸಂಜೆ ಹೋಗಿ ಅವನನ್ನು ವಿಚಾರಿಸಿಕೊಳ್ತೀನಿ. ಅಡ್ಡ ಬರಬೇಡ.

ಉಳಿದ ಮಾತ್ರೆ ನನ್ನ ಬ್ಯಾಗಲ್ಲಿದೆ, ಹುಡುಕಬೇಡ.

ಅಮ್ಮ ಹೋದ ಮೇಲೆ ಅಮ್ಮ ಅಂತ ನಾನು ನೋಡಿದ್ದು ಈ ಮುಖವನ್ನೇ. ಇನ್ನೊಂದು ಸಲ ಅದರ ಮೇಲೆ ಕೈ ಮಾಡಿದರೆ, ನೀನೇ ಆದರೂ ಸರಿ, ಸುಮ್ಮನೆ ಬಿಡಲ್ಲ.