ಮೂರು ಕಿಕ್ಕಿನ ಮೌನ

ಮಂಗಳವಾರ, ಮಾರ್ಚ್ ೧೪

ಶನಿವಾರ ಅಕ್ಕ ವೇದಿಕೆಯಲ್ಲಿ ರ‍್ಯಾಪ್ ಹಾಡಬೇಕು, ನನ್ನ ಬೀಟ್ ಇನ್ನೂ ಮೇಲೇಳಲೊಲ್ಲದು. ಡ್ರಮ್ ಸದ್ದುಗಳ ಒಂಬತ್ತು ಕಿಟ್ ಇಳಿಸಿಕೊಂಡಿದ್ದೇನೆ. ತಳದಲ್ಲಿ ಧಿಮ್ಮೆನ್ನಬೇಕಾದ ಕಿಕ್‌ಗಳೇ ನಾನೂರು, ಒಂದರಲ್ಲೂ ಕಿಕ್ ಇಲ್ಲ. ಕೊನೆಗೆ ಮೂರು ಕಿಟ್‌ಗಳಿಂದ ಒಂದೊಂದು ಭಾರೀ ಕಿಕ್ ಆರಿಸಿ ಒಂದರ ಮೇಲೊಂದು ಪೇರಿಸಿದೆ. ಮೂವರು ಪೈಲ್ವಾನರು ಒಟ್ಟಿಗೆ ಬಾಗಿಲು ಬಡಿದರೆ ಮನೆ ನಡುಗಬೇಕು ತಾನೇ?

ಸಂಜೆ ಹೊಲಿಗೆ ಅಂಗಡಿ ಮುಚ್ಚಿ ಬಂದ ಅಕ್ಕ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬೀಟ್ ಕೇಳಿದಳು.

"ರಟ್ಟಿನ ಡಬ್ಬ ಬಡಿದ ಹಾಗಿದೆ ಕಣೋ. ಹೀಗೇ ಆದ್ರೆ ನಾನು ಬೇರೆಯವರ ಹತ್ರ ಬೀಟ್ ಮಾಡಿಸ್ಕೋತೀನಿ."

"ಅಕ್ಕಾ, ಇದರಲ್ಲಿ ಮೂರು ಕಿಕ್ ಇದೆ."

"ಮೂರು ಪದರ ಲೈನಿಂಗ್ ಕೊಟ್ರೆ ಬಟ್ಟೆ ಮೈಗೆ ಕೂರಲ್ಲ. ಎರಡು ಬಿಚ್ಚು."

ಅವಳ ಬಾಯಿ ಮುಚ್ಚಿಸಲೆಂದೇ ಎರಡನ್ನು ಮ್ಯೂಟ್ ಮಾಡಿದೆ. ಉಳಿದ ಒಂಟಿ ಕಿಕ್ ನೇರ ಎದೆಗೇ ಬಂದು ಗುದ್ದಿತು. ಕಿಟಕಿಯ ಗಾಜು ಗುಂಯ್ ಎಂದಿತು. ಕಂಪ್ಯೂಟರ್ ತೆರೆಯ ಮೇಲೆ ಮೂರನ್ನೂ ಹಿಗ್ಗಿಸಿ ನೋಡಿದರೆ, ಒಂದರ ಅಲೆ ಏಳುವ ಕಡೆಯೇ ಇನ್ನೊಂದರದು ಇಳಿಯುತ್ತಿತ್ತು. ಮೂರೂ ಒಂದನ್ನೊಂದು ನುಂಗುತ್ತಾ ಕೂತಿದ್ದವು. ಸದ್ದಿಗೆ ಸದ್ದು ಕೂಡಿಸಿದರೆ ಮೌನವೂ ಬರಬಹುದು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಅದು ಕಿವಿಗೆ ತಲುಪಲು ಇಷ್ಟು ವರ್ಷ ಹಿಡಿಯಿತು.

ಅಕ್ಕ ಕಣ್ಣು ಮುಚ್ಚಿ, ತಲೆದೂಗುತ್ತಾ, ಹಾಡಲು ಶುರುಮಾಡಿಯೇ ಬಿಟ್ಟಳು. ನೂರು ಸಲ ಕೇಳಿದ ಸಾಲುಗಳೇ. ಆದರೆ ಎರಡು ಪೆಟ್ಟುಗಳ ನಡುವೆ ಅವಳು ಉಸಿರೆಳೆದುಕೊಳ್ಳುವುದು ಇವತ್ತೇ ಮೊದಲು ಕೇಳಿಸಿತು. ಯಾವ ಕಿಟ್‌ನಲ್ಲೂ ಇಲ್ಲದ ಸದ್ದು. ಕೈಯ ರೋಮ ಈಗಲೂ ನೆಟ್ಟಗೆ ನಿಂತಿದೆ.